ಬೆಂಗಳೂರು ನೋಡಬಹುದು, ‘ಅದಕ್ಕೆ’ ಎಲ್ಲಿ ಹೋಗೋದು?

ಬೆಳಗಿನ ಮೊದಲ ಬಸ್ಸು ಹತ್ತಿ ಬೆಂಗಳೂರು ನೋಡಲು ಹೊರಡುವ ಹೆಂಗಸರು ಒಂದು ವ್ರತ ಹಿಡಿಯುತ್ತಾರೆ. ಅದು ಯಾವ ಪಂಚಾಂಗದಲ್ಲೂ ಇಲ್ಲ. ಮನೆಯಲ್ಲಿ ಕಾಫಿ ಅರ್ಧ ಲೋಟ, ದಾರಿಯಲ್ಲಿ ನೀರು ಬಂದ್, ಊಟದ ಜೊತೆ ಒಂದೇ ಗುಟುಕು. ಯಾಕೆ ತಾಯಿ ಅಂದರೆ, ‘ಅಲ್ಲಿ ಹೋಗೋಕೆ ಜಾಗ ಎಲ್ಲೈತೆ ಸ್ವಾಮಿ?’ ಎಂಬ ಉತ್ತರ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಅತ್ತೆ, ಸೊಸೆ, ಮೊಮ್ಮಕ್ಕಳು ಗುಂಪಾಗಿ ರಾಜಧಾನಿಗೆ ಹೊರಡುತ್ತಾರೆ. ಮೆಜೆಸ್ಟಿಕ್‌ನಲ್ಲಿ ಇಳಿದರೆ ಮೊದಲ ಖರ್ಚು ಶೌಚಾಲಯದ ಚಿಲ್ಲರೆ. ಬಸ್ಸು ಬಿಟ್ಟಿ, ಇದು ಮಾತ್ರ ನಗದು! ಹಾಗಂತ ಕಾಸು ಕೊಟ್ಟು ಹೋಗುವ ಪದ್ಧತಿಯನ್ನು ಹಳಿಯುವಂತಿಲ್ಲ. ಬಿಂದೇಶ್ವರ ಪಾಠಕ್ 1970ರಲ್ಲಿ ಸುಲಭ್ ಸಂಸ್ಥೆ ಕಟ್ಟಿ, 1974ರಲ್ಲಿ ಪಾಟ್ನಾದಲ್ಲಿ ಈ ಕ್ರಮ ಶುರು ಮಾಡಿದ್ದೇ ನಲ್ಲಿ, ಪೊರಕೆ, ಕಾವಲಿಗೆ ಒಂದು ಆದಾಯ ಇರಲಿ ಎಂದು. ಕಾಸೂ ಕೊಟ್ಟು ಮೂಗೂ ಮುಚ್ಚಿಕೊಳ್ಳಬೇಕಾದರೆ ಮಾತ್ರ ಸಿಟ್ಟು ಬರುತ್ತೆ.

ಲಾಲ್‌ಬಾಗ್ 240 ಎಕರೆ. ಶೌಚಾಲಯ ಇದೆ, ಆದರೆ ಗಾಜಿನ ಮನೆ ಮುಂದೆ ನಿಂತವರಿಗೆ ‘ಅಲ್ಲೇ ಮುಂದೆ’ ಎಂದು ಯಾರಾದರೂ ಕೈ ತೋರಿಸಿದರೆ ಆ ‘ಮುಂದೆ’ ಎಷ್ಟು ಎಂಬುದು ಮೊಣಕಾಲು ನೋವಿನ ಅಜ್ಜಿಗೇ ಗೊತ್ತು. ಆಗಸ್ಟ್, ಜನವರಿಯ ಫಲಪುಷ್ಪ ಪ್ರದರ್ಶನದ ದಿನಗಳಲ್ಲಂತೂ ಹೂವಿಗಿಂತ ಉದ್ದದ ಸಾಲು ಹೆಂಗಸರ ಕಡೆ. ಗಂಡಸರ ಸಾಲು ಬೇಗ ಕರಗುತ್ತೆ, ಹೆಂಗಸರದು ಕರಗೋಲ್ಲ. ಒಬ್ಬೊಬ್ಬರಿಗೂ ಒಂದೊಂದು ಬಾಗಿಲು ಬೇಕು, ಸೀರೆ ಸಾವರಿಸಬೇಕು, ಕೈಯಲ್ಲಿ ಮಗು. ಎರಡು ಕಡೆಗೂ ಸಮಸಮ ಜಾಗ ಬಿಟ್ಟ ನಕ್ಷೆಗಾರರು ಇದನ್ನು ಯೋಚಿಸಿದಂತಿಲ್ಲ.

ನೀರು ಕುಡಿಯದೆ, ಬಂದದ್ದನ್ನೂ ತಡೆದು ದಿನವಿಡೀ ಅಲೆದರೆ ಊರಿಗೆ ಮರಳಿದ ಮೇಲೆ ಉರಿಮೂತ್ರ, ಚಳಿಜ್ವರ ಬರುವುದುಂಟು. ಟಿಕೆಟ್‌ನಲ್ಲಿ ಉಳಿದದ್ದು ಡಾಕ್ಟರ ಪಾಲು.

ಗಂಡಸರಿಗೇನು, ಗೋಡೆ ಉಂಟಲ್ಲ ಅನ್ನಬೇಡಿ. ಕಾಂಪೌಂಡು ಕಾಯಲು ದೇವರ ಚಿತ್ರದ ಟೈಲ್ಸ್ ಅಂಟಿಸಿದ್ದಾರೆ. ಜವಳಿ ತರಲು ಚಿಕ್ಕಪೇಟೆಗೆ ಹೋಗುವ, ಸಕ್ಕರೆ ಕಾಯಿಲೆಯಿರುವ ವರ್ತಕರ ಪಾಡು ಕೇಳಬೇಡಿ. ಗಲ್ಲಿ ತುಂಬ ಅಂಗಡಿ, ಒಂದು ತಾಸಿಗೊಮ್ಮೆ ಅವಸರ. 1898ರ ಪ್ಲೇಗಿನ ಕಾಲದಲ್ಲಿ ಬಸವನಗುಡಿ, ಮಲ್ಲೇಶ್ವರ ಕಟ್ಟಿದವರು ಮನೆಗಳ ಹಿಂದೆ ಮಲ ಸಾಗಿಸಲೆಂದೇ ಓಣಿ ಬಿಟ್ಟಿದ್ದರು. ಮನೆಯವರ ಚಿಂತೆ ಆಗಲೇ ಇತ್ತು, ದಾರಿಹೋಕರದ್ದು ಇಂದಿಗೂ ಅರ್ಧಂಬರ್ಧ. ನಾಣ್ಯ ಹಾಕಿದರೆ ಬಾಗಿಲು ತೆರೆಯುವ ಉಕ್ಕಿನ ಗೂಡುಗಳೂ ಬಂದವು. ನಾಣ್ಯ ನುಂಗಿ ಬಾಗಿಲು ತೆರೆಯದಿದ್ದರೆ ಯಾರನ್ನು ಕೇಳೋದು?

ಈಗ ಕೊಂಚ ಅನುಕೂಲವೆಂದರೆ ಮೆಟ್ರೋ. ಪೇಟೆಗೆ ಹೋದವರಿಗೆ ಚಿಕ್ಕಪೇಟೆ ನಿಲ್ದಾಣ, ವಿಧಾನಸೌಧ ನೋಡುವವರಿಗೆ ಅಂಬೇಡ್ಕರ್ ಹೆಸರಿನ ನಿಲ್ದಾಣ, ಪಕ್ಕದಲ್ಲೇ ಕಬ್ಬನ್ ಪಾರ್ಕ್. ರೈಲಿನಲ್ಲಿ ಬಂದರೆ ಹೊರಗೆ ಬರುವ ಮುನ್ನವೇ ಕೆಲಸ ಮುಗಿಸಿಕೊಳ್ಳುವುದು ಜಾಣತನ. ಮಾಲ್‌ಗಳಿಗೂ ಹೋಗಬಹುದು. 2024ರ ಜುಲೈಯಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ಮಾಲೊಂದು ಒಳಗೆ ಬಿಡದೆ ರಂಪವಾಗಿ, ಸರ್ಕಾರ ಏಳು ದಿನ ಬಾಗಿಲು ಹಾಕಿಸಿದ್ದು ನೆನಪಿರಬಹುದು. ಧೈರ್ಯವಾಗಿ ನುಗ್ಗಿ. ನಿಂತು ತಿನ್ನುವ ದರ್ಶಿನಿಗಳನ್ನು ಮಾತ್ರ ನಂಬಬೇಡಿ, ಎಷ್ಟೋ ಕಡೆ ಕೈ ತೊಳೆಯುವ ನಲ್ಲಿಯಷ್ಟೇ. ಪೆಟ್ರೋಲ್ ಬಂಕಿನ ಶೌಚಾಲಯ ಗಿರಾಕಿಗೋ ಎಲ್ಲರಿಗೋ ಎಂಬ ತಕರಾರು 2025ರಲ್ಲಿ ಕೇರಳ ಹೈಕೋರ್ಟ್ ಮೆಟ್ಟಿಲನ್ನೇ ಹತ್ತಿತ್ತು.

ದಕ್ಷಿಣ ದೆಹಲಿ ಪಾಲಿಕೆ 2017ರ ಏಪ್ರಿಲ್‌ನಿಂದ ಹೋಟೆಲುಗಳ ಶೌಚಾಲಯ ದಾರಿಹೋಕರಿಗೂ ತೆರೆದಿರಲಿ, ಬೇಕಿದ್ದರೆ 5 ರೂಪಾಯಿವರೆಗೆ ತಗೊಳ್ಳಿ ಎಂದಿತ್ತು. ಬೆಂಗಳೂರಿಗೆ 2025ರ ಸೆಪ್ಟೆಂಬರಿನಲ್ಲಿ ಒಂದರ ಬದಲು ಐದು ಪಾಲಿಕೆ ಬಂದಿವೆ. ಐದರಲ್ಲಿ ಒಂದಾದರೂ ಇಂಥ ಮಾತಾಡಿದರೆ ಚಿಕ್ಕಪೇಟೆ ವರ್ತಕರು ಹಾರ ಹಾಕಿಯಾರು.

ಸಂಜೆ ಮೆಜೆಸ್ಟಿಕ್. ಊರ ಬಸ್ಸು ಸ್ಟಾರ್ಟ್ ಆಗಿದೆ. ಅಜ್ಜಿ ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಹುಡುಕುತ್ತಾಳೆ, ಸೊಸೆ ಬ್ಯಾಗು ಹಿಡಿದು ಹೊರಗೆ ನಿಲ್ಲುತ್ತಾಳೆ. ‘ಎರಡು ನಿಮಿಷ ತಡಿಯಪ್ಪಾ’ ಎಂದು ಮೊಮ್ಮಗ ಕಂಡಕ್ಟರನ ಬಳಿಗೆ ಓಡುತ್ತಾನೆ.