ಕೇಳುವವರಿಲ್ಲದ ಬಾಧೆಗೆ ಮೂರು ಪ್ರಶ್ನೆಗಳು

ಕೆಮ್ಮಿದಾಗ, ಸೀನಿದಾಗ, ತುಂಬಿದ ಬಿಂದಿಗೆಯನ್ನೆತ್ತಿದಾಗ ಮೂತ್ರ ಹನಿಯುವುದು ಒಂದು ಬಗೆ; ಇದು ಒತ್ತಡದ ಸೋರಿಕೆ. ಬಚ್ಚಲಿಗೆ ಧಾವಿಸುತ್ತಿರುವಂತೆಯೇ, ಬಾಗಿಲನ್ನು ಮುಟ್ಟುವ ಮೊದಲೇ, ತಡೆ ಮೀರಿ ಹೋಗಿಬಿಡುವುದು ಇನ್ನೊಂದು. ಉಟ್ಟ ಸೀರೆ ಒದ್ದೆಯಾಗುವುದು ಎರಡರಲ್ಲಿಯೂ ಸಮಾನವೇ ಆದರೂ ಕಾರಣಗಳು ಬೇರೆ: ಮೊದಲನೆಯದರಲ್ಲಿ ಮೂತ್ರನಾಳಕ್ಕೆ ಆಸರೆಯಾಗಿರಬೇಕಾದ ಸ್ನಾಯುಗಳು ಹೆರಿಗೆಯಿಂದಲೋ ವಯಸ್ಸಿನಿಂದಲೋ ಸಡಿಲಗೊಂಡಿರುತ್ತವೆ, ಎರಡನೆಯದರಲ್ಲಿ ಮೂತ್ರಕೋಶವೇ ಅಕಾಲದಲ್ಲಿ ಸಂಕುಚಿತವಾಗುತ್ತದೆ. ಒಂದಕ್ಕೆಂದು ಮಾಡಿದ ಶಸ್ತ್ರಚಿಕಿತ್ಸೆ ಇನ್ನೊಂದನ್ನು ಉಲ್ಬಣಗೊಳಿಸುವುದೂ ಉಂಟಾದುದರಿಂದ, ಯಾವ ಬಗೆಯೆಂದು ತಿಳಿಯದೆ ಚಿಕಿತ್ಸೆಗೆ ಕೈಹಾಕುವಂತಿಲ್ಲ.

ತಿಳಿಯುವುದು ಹೇಗೆ? ಬಾಧೆಪಡುವವಳನ್ನೇ ಕೇಳಬಹುದೆಂಬ ಸರಳವಾದ ಉತ್ತರವು ವೈದ್ಯಲೋಕದಲ್ಲಿ ಬಹುಕಾಲ ಮಾನ್ಯವಾಗಿರಲಿಲ್ಲ. 1970ರ ಸುಮಾರಿಗೆ ಲಂಡನ್ನಿನ ಪ್ಯಾಟ್ರಿಕ್ ಬೇಟ್ಸ್ ಮತ್ತು ಅವರ ಸಂಗಡಿಗರು ಮೂತ್ರಕೋಶದ ಒತ್ತಡವನ್ನೂ ಮೂತ್ರದ ಹರಿವನ್ನೂ ಕ್ಷಕಿರಣದ ಚಲಚ್ಚಿತ್ರವನ್ನೂ ಏಕಕಾಲದಲ್ಲಿ ದಾಖಲಿಸಿ ನೋಡಿ, ರೋಗಿ ಹೇಳುವ ಲಕ್ಷಣವೂ ಯಂತ್ರ ತೋರಿಸುವ ವಿಕಾರವೂ ಎಷ್ಟೋ ವೇಳೆ ಹೊಂದುವುದಿಲ್ಲವೆಂದು ಕಂಡು, ಮೂತ್ರಕೋಶವು ನಂಬತಕ್ಕ ಸಾಕ್ಷಿಯಲ್ಲವೆಂಬ ತೀರ್ಮಾನಕ್ಕೆ ಬಂದರು. ಆ ತೀರ್ಮಾನ ನಿರಾಧಾರವಾದುದೇನೂ ಅಲ್ಲ. ಆದರೆ ನಳಿಕೆಯನ್ನು ಒಳಗೆ ತೂರಿಸಿಕೊಂಡು, ಮೂತ್ರಕೋಶಕ್ಕೆ ದ್ರವವನ್ನು ತುಂಬಿಸಿಕೊಂಡು, ಅಪರಿಚಿತರೆದುರಿಗೆ ಕೆಮ್ಮಿ ಸೋರಿಕೆಯನ್ನು ತೋರಿಸಬೇಕಾದ ಆ ಪರೀಕ್ಷೆಗೆ, ಮನೆಯವರ ಮುಂದೆಯೇ ಬಾಯಿಬಿಡಲು ನಾಚುವ ಹೆಂಗಸು ಸುಲಭವಾಗಿ ಒಡ್ಡಿಕೊಂಡಾಳೆ?

ಮಾತನ್ನು ತಳ್ಳಿಹಾಕುವುದಕ್ಕಿಂತ, ಅದನ್ನು ಕ್ರಮವಾಗಿ ಕೇಳಿ ಪರೀಕ್ಷಿಸುವುದು ಮೇಲೆಂಬ ವಿವೇಕ ಮೆಲ್ಲಗೆ ಮೂಡಿತು. 1993ರಲ್ಲಿ ನಾರ್ವೆಯ ಹೊಗ್ನೆ ಸಾಂಡ್‌ವಿಕ್ ಮತ್ತು ಸಹೋದ್ಯೋಗಿಗಳು, ಎಷ್ಟು ಸಲ ಸೋರುತ್ತದೆ, ಎಷ್ಟು ಸೋರುತ್ತದೆ ಎಂಬ ಎರಡೇ ಪ್ರಶ್ನೆಗಳ ಉತ್ತರಗಳನ್ನು ಗುಣಿಸಿ ತೀವ್ರತೆಯ ಸೂಚ್ಯಂಕವೊಂದನ್ನು ಪ್ರಕಟಿಸಿದರು. ಒದ್ದೆಯಾದ ಪ್ಯಾಡುಗಳನ್ನು ತೂಗಿ ಆ ಉತ್ತರಗಳನ್ನು ಒರೆಗೆ ಹಚ್ಚಿದರು. 1996ರಲ್ಲಿ ಬ್ರಿಸ್ಟಲ್ ನಗರದಿಂದ ವಿಸ್ತಾರವಾದ ಪ್ರಶ್ನಾವಳಿ ಬಂದಿತು. 2004ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಪ್ರಶ್ನಾವಳಿಯ ಸಂಕ್ಷಿಪ್ತ ರೂಪದಲ್ಲಿ ಒಟ್ಟು 21 ಅಂಕಗಳಿದ್ದು, ಅವುಗಳಲ್ಲಿ 10, ಈ ಬಾಧೆ ನಿಮ್ಮ ದಿನನಿತ್ಯದ ಬಾಳಿಗೆ ಎಷ್ಟು ಅಡ್ಡಿಯಾಗಿದೆ ಎಂಬ ಒಂದೇ ಪ್ರಶ್ನೆಗೆ ಮೀಸಲು. ಈ ಹಂಚಿಕೆ ನನಗೆ ಬಹಳ ಮಾನವೀಯವಾಗಿ ತೋರುತ್ತದೆ: ಮದುವೆಮನೆಗೆ ಹೋಗುವುದನ್ನೂ ದೂರದ ಬಸ್ ಪ್ರಯಾಣವನ್ನೂ ಬಿಟ್ಟುಕೊಟ್ಟವಳ ನಷ್ಟವನ್ನು ಯಾವ ಒತ್ತಡಮಾಪಕವೂ ಅಳೆಯಲಾರದು.

ತೀವ್ರತೆ ತಿಳಿದರೂ ಬಗೆ ತಿಳಿದಂತಾಗಲಿಲ್ಲ. ಅದಕ್ಕೆಂದೇ 2005ರಲ್ಲಿ ಅಮೆರಿಕದ ಕ್ಯಾಥರೀನ್ ಬ್ರಾಡ್ಲಿ ಮತ್ತು ಸಂಗಡಿಗರು ಆರು ಪ್ರಶ್ನೆಗಳನ್ನು ರಚಿಸಿದರು. ಕೆಮ್ಮುವಾಗ ಇಲ್ಲವೆ ಸೀನುವಾಗ, ಬಗ್ಗುವಾಗ ಇಲ್ಲವೆ ಭಾರವೆತ್ತುವಾಗ, ಬಿರುಸಾಗಿ ನಡೆಯುವಾಗ ಸೋರುತ್ತದೆಯೆ ಎಂಬ ಮೂರು ಒಂದು ಕಡೆಗೆ. ಶೌಚಕ್ಕೆಂದು ಬಟ್ಟೆ ಸಡಿಲಿಸುವಾಗ ಸೋರುತ್ತದೆಯೆ, ತಡೆಯಲಾರದ ಅವಸರದಿಂದ ದಾರಿಯಲ್ಲಿಯೇ ಹೋಗುತ್ತದೆಯೆ, ಇದ್ದಕ್ಕಿದ್ದಂತೆ ಓಡಬೇಕಾಗುತ್ತದೆಯೆ ಎಂಬ ಮೂರು ಮತ್ತೊಂದು ಕಡೆಗೆ. 2006ರಲ್ಲಿ ಜೆನೆಟ್ ಬ್ರೌನ್ ಮತ್ತು ಸಹೋದ್ಯೋಗಿಗಳು ಮೂರೇ ಪ್ರಶ್ನೆಗಳನ್ನಿಟ್ಟುಕೊಂಡು 301 ಮಹಿಳೆಯರ ಉತ್ತರಗಳನ್ನು ತಜ್ಞರ ನಿರ್ಣಯದೊಡನೆ ಹೋಲಿಸಿದರು. ಒತ್ತಡದ ಸೋರಿಕೆಯುಳ್ಳ 100ರಲ್ಲಿ 86 ಮಂದಿಯನ್ನು ಪ್ರಶ್ನೆಗಳು ಸರಿಯಾಗಿ ಗುರುತಿಸಿದುವು. ಆ ಬಗೆಯಲ್ಲದವರ ಪೈಕಿ 100ಕ್ಕೆ 60ನ್ನು ಮಾತ್ರ ಬೇರ್ಪಡಿಸಬಲ್ಲವಾದುವು. ಕತ್ತಿ ಹಿಡಿಯಲು ಇಷ್ಟು ನಿಶ್ಚಯ ಸಾಲದು; ಆದರೆ ಶ್ರೋಣಿಸ್ನಾಯುಗಳ ವ್ಯಾಯಾಮವನ್ನೋ, ಹೊತ್ತು ಗೊತ್ತುಮಾಡಿ ಮೂತ್ರಕೋಶವನ್ನು ಪಳಗಿಸುವ ಅಭ್ಯಾಸವನ್ನೋ ಪ್ರಾರಂಭಿಸಲು ಯಥೇಷ್ಟ.

2012ರಲ್ಲಿ ಪ್ರಕಟವಾದ, 630 ಮಹಿಳೆಯರನ್ನೊಳಗೊಂಡ ಪ್ರಯೋಗವೊಂದು ಇನ್ನಷ್ಟು ಧೈರ್ಯ ಕೊಟ್ಟಿತು. ಲಕ್ಷಣಗಳಿಂದಲೂ ಸಾಮಾನ್ಯ ತಪಾಸಣೆಯಿಂದಲೂ ತೊಡಕಿಲ್ಲದ ಒತ್ತಡದ ಸೋರಿಕೆಯೆಂದು ಖಚಿತವಾಗಿದ್ದವರಲ್ಲಿ, ಯಂತ್ರಪರೀಕ್ಷೆಯಿಲ್ಲದೆ ಶಸ್ತ್ರಚಿಕಿತ್ಸೆಗೆ ಹೋದವರ ಗುಣವೂ ಪರೀಕ್ಷೆ ಮಾಡಿಸಿಕೊಂಡವರ ಗುಣವೂ ವರ್ಷದ ಬಳಿಕ ಬಹುಮಟ್ಟಿಗೆ ಒಂದೇ, ಸುಮಾರು ಶೇಕಡ 77, ಆಗಿತ್ತು.

ಬ್ರೌನ್ ಅವರ ಪ್ರಶ್ನೆಗಳಲ್ಲಿ ಶ್ರಮವೂ ಅವಸರವೂ ಇಲ್ಲದೆಯೇ ಸೋರುತ್ತದೆ ಎಂಬ ಉತ್ತರಕ್ಕೂ ಸ್ಥಳವುಂಟು. ಕಷ್ಟದ ಹೆರಿಗೆಯಲ್ಲಿ ಬಿದ್ದ ರಂಧ್ರದಿಂದ ಹಗಲೂ ಇರುಳೂ ಸೋರುತ್ತಿರಬಹುದಾದ, ಇಲ್ಲವೆ ನರಗಳ ವ್ಯಾಧಿಯಿರಬಹುದಾದ ಅಂಥವಳಿಗೆ ಕಾಗದದ ಅಂಕಗಳು ಸಾಲವು. ಆ ಗುರುತು ಬಿದ್ದೊಡನೆ ಆಕೆಯನ್ನು ತಜ್ಞರಲ್ಲಿಗೆ ಕಳುಹತಕ್ಕದ್ದು.