ಎರಿಹೊಲದ ಬಿರುಕು ಮತ್ತು ಇಲಿಯ ವಲಸೆ

ಮೇವು ತೀರಿದರೆ, ಬಿಲಕ್ಕೆ ನೀರು ನುಗ್ಗಿದರೆ, ಅಡಗಲು ಮರೆ ಇಲ್ಲದಾದರೆ, ಇಲ್ಲವೇ ಒಂದೇ ಕಡೆ ಸಂತತಿ ಕಿಕ್ಕಿರಿದರೆ ಸಣ್ಣ ಪ್ರಾಣಿಗಳು ಇದ್ದ ನೆಲೆ ಬಿಡುತ್ತವೆ. ಇಲಿಯಂಥ ಪುಟ್ಟ ದೇಹದಲ್ಲಿ ಕೂಡಿಟ್ಟ ಕೊಬ್ಬು ಬಹಳ ದಿನ ಬಾಳುವುದಿಲ್ಲ. ಕಾಯುತ್ತ ಕೂತರೆ ಸಾವೇ. ಹಾಗೆಂದು ಹಕ್ಕಿಗಳಂತೆ ದೂರದೇಶಕ್ಕೆ ಹೋಗಬೇಕಿಲ್ಲ. ಹೊಲದಿಂದ ಬದುವಿಗೆ, ಬದುವಿನಿಂದ ಬಣವಿಗೆ ಹೋದರೂ ಅದಕ್ಕೆ ಅದು ವಲಸೆಯೇ.

ಹಾವೇರಿ ಜಿಲ್ಲೆಯ ಸವಣೂರು, ಶಿಗ್ಗಾಂವಿ ಕಡೆಯ ಎರಿಹೊಲಗಳು ಬೇಸಿಗೆಯಲ್ಲಿ ಬಾಯ್ಬಿಡುತ್ತವೆ. ಕೈ ಹಿಡಿಸುವಷ್ಟು ಅಗಲದ ಆ ಬಿರುಕುಗಳು ಮೆತ್ತನೆಯ ಕೂದಲಿನ ಹೊಲದ ಇಲಿಗೆ ತೋಡದೆ ಸಿಕ್ಕ ಮನೆ: ಒಳಗೆ ತಂಪು, ಮೇಲಿನ ಹದ್ದು-ಗೂಬೆಗಳ ಕಣ್ಣಿಗೂ ಮರೆ. ಮುಂಗಾರು ಹಿಡಿದೊಡನೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬಿರುಕು ಮುಚ್ಚುತ್ತದೆ. ಬದುವಿನ ಪೊದೆ, ಕಲ್ಲುಗುಪ್ಪೆ, ಹೆಗ್ಗಣ ಬಿಟ್ಟುಹೋದ ಬಿಲ ಸೇರಿಕೊಂಡವು ಬದುಕುತ್ತವೆ. ಉಳಿದವು ಅಲ್ಲೇ ಹೂತುಹೋಗುತ್ತವೆ.

ಇದನ್ನು ಮೊದಲು ವಿವರವಾಗಿ ಬರೆದವನು ವಾಲ್ಟರ್ ಎಲಿಯಟ್, 1824ರ ಕಿತ್ತೂರು ಯುದ್ಧದಲ್ಲಿ ಸೆರೆಸಿಕ್ಕಿದ್ದ ಬ್ರಿಟಿಷ್ ಅಧಿಕಾರಿ. ಧಾರವಾಡವೂ ಸೇರಿದ್ದ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಬಗ್ಗೆ 1839ರಲ್ಲಿ ಅವನು ಪ್ರಕಟಿಸಿದ ಬರಹದಲ್ಲಿ 1826ರ ಇಲಿಕಾಟದ ಚಿತ್ರವಿದೆ. ಆ ವರ್ಷ ಮುಂಗಾರಿನ ಮೊದಲ ಮಳೆ ಕೈಕೊಟ್ಟಿತು. ಪ್ರತಿ ವರ್ಷ ಬಿರುಕಿನಲ್ಲಿ ಸಾಯುತ್ತಿದ್ದ ಇಲಿಗಳು ಬದುಕಿ ಮರಿಹಾಕಿದವು. ಬಿತ್ತಿದ ಬೀಜ ತಿಂದವು, ಆಮೇಲೆ ಜೋಳದ ದಂಟು ಹತ್ತಿ ತೆನೆ ಕತ್ತರಿಸಿದವು. ರೈತರು ಕಾಳು ಅಳೆದುಕೊಟ್ಟು ವಡ್ಡರಿಂದ ಸಾವಿರಾರು ಇಲಿ ಕೊಲ್ಲಿಸಿದರೂ ಹಿಂಡು ಕರಗಲಿಲ್ಲ. ಎಷ್ಟೋ ರೈತರಿಗೆ ಕಂದಾಯ ಕಟ್ಟಲೂ ಆಗಲಿಲ್ಲ. ಮಳೆ ಮಾಡಬೇಕಿದ್ದ ಕೆಲಸ ಮನುಷ್ಯರ ಕೈಲಿ ಆಗಲಿಲ್ಲ ಎಂಬುದೇ ಈ ಪ್ರಕರಣದ ತಿರುಳು.

ಹಾನಗಲ್ಲಿನ ಮಾತು ಬೇರೆ. ಅದು ಅರೆಮಲೆನಾಡು, ಕೆರೆ ಮತ್ತು ಭತ್ತದ ಸೀಮೆ. ಅಲ್ಲಿ ಹೆಗ್ಗಣದ ಆಟ. ಗದ್ದೆಗೆ ನೀರು ಕಟ್ಟಿದಾಗ ಅದು ಬದುವಿಗೆ ಹತ್ತುತ್ತದೆ, ತೆನೆ ಬಲಿತಾಗ ಗದ್ದೆಗಿಳಿದು ಕತ್ತರಿಸಿದ ತೆನೆಯನ್ನು ಬಿಲಕ್ಕೆ ಸಾಗಿಸುತ್ತದೆ. ಕೊಯ್ಲಾದ ಮೇಲೆ ಮೇವೂ ಇಲ್ಲ, ಮರೆಯೂ ಇಲ್ಲ. ಕಣ, ಬಣವಿ, ಹಿತ್ತಿಲಿನತ್ತ ಸರಿಯುತ್ತದೆ. ಹಿರೇಕೆರೂರು ಕಡೆ ಗೋವಿನಜೋಳದ ಸುಗ್ಗಿ ಮುಗಿದಾಗಲೂ ಹೀಗೆಯೇ. ಹಿಂದೆಯೇ ಕೇರೆಹಾವೂ ಊರಿಗೆ ಬರುತ್ತದೆ. ಅದಕ್ಕೆ ಬೇಕಿರುವುದು ಇಲಿ, ಮನುಷ್ಯನಲ್ಲ. ಆದರೂ ಕಂಡಕೂಡಲೇ ಕೊಲ್ಲುವುದು ನಿಂತಿಲ್ಲ.

ಎಲ್ಲ ಪ್ರಾಣಿಗಳೂ ಮೇವು-ಮರೆಗಾಗಿಯೇ ನೆಲೆ ಬಿಡುವುದಿಲ್ಲ; ಕಪ್ಪೆಯ ಪ್ರಯಾಣಕ್ಕೆ ಸಂತಾನವೇ ಕಾರಣ. ಬೇಸಿಗೆಯೆಲ್ಲ ಮಣ್ಣಿನೊಳಗೆ ಅವಿತಿದ್ದ ಗೋಂಕರುಕಪ್ಪೆ ಮೊದಲ ಜೋರು ಮಳೆಗೆ ಎದ್ದು ತಗ್ಗಿನ ಮಳೆಗುಂಡಿಗಳಿಗೆ ಹೋಗುತ್ತದೆ. ಹೊಸದಾಗಿ ನಿಂತ ಆ ನೀರಿನಲ್ಲಿ ಗೊದಮೊಟ್ಟೆ ತಿನ್ನುವ ಮೀನುಗಳಿರುವುದಿಲ್ಲ.

ಇಲಿ-ಹೆಗ್ಗಣಗಳನ್ನು ಕದಲಿಸುವ ಇನ್ನೊಂದು ಕಾರಣ ಸಂತತಿಯ ಒತ್ತಡ. ಹೆಗ್ಗಣ ಸುಮಾರು ಮೂರು ವಾರ ಗರ್ಭ ಹೊತ್ತು ಒಂದೇ ಸಲಕ್ಕೆ ಹಲವು ಮರಿ ಹಾಕುತ್ತದೆ. ಬೆಳೆದ ಮರಿಗಳಿಗೆ ಬೇರೆ ಬಿಲ ಬೇಕು. ಒಬ್ಬ ರೈತ ಮಾತ್ರ ತನ್ನ ಬದುವಿನ ಇಲಿ ಕೊಂದರೆ ಖಾಲಿಯಾದ ಬಿಲಗಳಿಗೆ ಪಕ್ಕದ ಹೊಲದ ಮರಿಗಳು ಬಂದು ತುಂಬುವುದು ಇದರಿಂದಲೇ. ಬೆಳೆ ಇಲ್ಲದ ಬೇಸಿಗೆಯಲ್ಲಿ, ಇಲಿಗಳು ಬದುಗಳಲ್ಲೇ ಒತ್ತೊತ್ತಾಗಿರುವಾಗ, ಊರಿನವರೆಲ್ಲ ಒಟ್ಟಿಗೆ ಬಿಲ ಅಗೆದು ಕೆಲಸ ಮುಗಿಸಿದರೆ ಮುಂಗಾರಿನ ಬಿತ್ತನೆ ಉಳಿಯುತ್ತದೆ. ತೆನೆ ಕಟ್ಟಿದ ಮೇಲೆ ಪಾಷಾಣ ಇಟ್ಟರೆ ಎದುರಿಗೇ ಬೆಳೆ ಇರುವಾಗ ಇಲಿ ಅದನ್ನು ಮೂಸುವುದೂ ಅಪರೂಪ.