ಒಂದೇ ಕಾರಿನ ಮೂರು ತಲೆಮಾರು

ಅಂಬಾಸಿಡರ್ ಕಾರು ಯಾವ ಕಾಲದ್ದೆಂದು ತಿಳಿಯಬೇಕಾದರೆ ಅದರ ಮುಖ ನೋಡಬೇಕು ಎನ್ನುತ್ತಾರೆ. ಮುಂಭಾಗದ ಗ್ರಿಲ್ ಸಣ್ಣ ಸಣ್ಣ ಚೌಕಗಳಿಂದ ಒತ್ತಾಗಿ ಹೆಣೆದಂತಿದ್ದರೆ ಅದು ಮಾರ್ಕ್ ಎರಡು. ಅಗಲವಾದ ಅಡ್ಡಪಟ್ಟಿಗಳಿದ್ದರೆ ಮಾರ್ಕ್ ಮೂರು. ಗ್ರಿಲ್ ಕಿರಿದಾಗಿ, ಪಾರ್ಕಿಂಗ್ ದೀಪಗಳು ಅದರಿಂದ ಬೇರೆಯಾಗಿ ಕುಳಿತಿದ್ದರೆ ಮಾರ್ಕ್ ನಾಲ್ಕು. ಕಾಗದದ ಮೇಲೆ ಇದು ಸರಿಯೇ. ಆದರೆ ನಮ್ಮ ಮನೆಯ ಅಂಗಳದಲ್ಲಿರುವ 1968ರ ಮಾರ್ಕ್ ಎರಡಕ್ಕೆ ಮಾರ್ಕ್ ಮೂರರ ಗ್ರಿಲ್ ಇದೆ, ಮಾರ್ಕ್ ನಾಲ್ಕರ ಬಂಪರ್ ಇದೆ, ಬಾನೆಟ್ ಎತ್ತಿದರೆ ಡೀಸೆಲ್ ಎಂಜಿನ್ ಇದೆ. ಅಂಬಾಸಿಡರ್‌ಗೆ ಡೀಸೆಲ್ ಎಂಜಿನ್ ಬಂದದ್ದೇ ಈ ಕಾರು ಹುಟ್ಟಿ ಹನ್ನೆರಡು ವರ್ಷಗಳಾದ ಮೇಲೆ! ಮೊಮ್ಮಗನ ಅಂಗಿ ತೊಟ್ಟ ಅಜ್ಜನಂತೆ ಅದು ನಿಂತಿದೆ. ಈಗ ಅದರ ನಿಜವಾದ ವಯಸ್ಸೇನು, ಜಾತಕವೇನು ಎಂದು ತೀರ್ಮಾನಿಸಬೇಕಾದ ಸಂದರ್ಭ ಬಂದಿದೆ. ಅದಕ್ಕೆ ಕಾರಣವನ್ನು ಆಮೇಲೆ ಹೇಳುತ್ತೇನೆ.

ನಮ್ಮ ಮನೆಗೆ ಬಂದದ್ದು ಮೂರು ಅಂಬಾಸಿಡರ್‌ಗಳು. ಮೊದಲನೆಯದು ಈ ಮಾರ್ಕ್ ಎರಡು. 1974ರಲ್ಲಿ ತಂದೆಯವರು ಚಿಕ್ಕಮಗಳೂರಿನ ಕಾಫಿ ತೋಟದವರೊಬ್ಬರಿಂದ ಕೊಂಡದ್ದು. ಹಿಂದಿನ ವರ್ಷವಷ್ಟೇ ಅರಬ್ ರಾಷ್ಟ್ರಗಳು ತೈಲದ ಬಿಗಿ ಹಿಡಿದಿದ್ದವು. ಪೆಟ್ರೋಲ್ ಬೆಲೆ ಕೇಳಿ ಕಾರಿದ್ದವರು ಮಾರುತ್ತಿದ್ದ ಕಾಲ. ಎರಡನೆಯದು 1985ರ ಮಾರ್ಕ್ ನಾಲ್ಕು, ಡೀಸೆಲ್. ನಾನು ಬೆಂಗಳೂರಿನಲ್ಲಿ ಕೊಂಡು ಊರಿಗೆ ತಂದದ್ದು. ಮೂರನೆಯದು 1997ರ 1800 ಐಎಸ್‌ಝಡ್, ಇದೊಂದೇ ಹೊಸದಾಗಿ ಕೊಂಡದ್ದು. ನಂಬರ್ ಪ್ಲೇಟುಗಳಲ್ಲೇ ಕಾಲ ಗೊತ್ತಾಗುತ್ತಿತ್ತು. ಒಂದರದ್ದು ಮೈಸೂರು ರಾಜ್ಯದ ಕಾಲದಿಂದ ಬಂದ ಎಂವೈ, ಇನ್ನೊಂದರದ್ದು ಸಿಎ, ಮತ್ತೊಂದರದ್ದು ಶಿವಮೊಗ್ಗದ ಕೆಎ 14.

ಮೂರನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿದಾಗ ಬಂದ ನೆಂಟರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಒಂದೇ ಕಾರನ್ನು ಮೂರು ಸಲ ಯಾಕೆ ಕೊಂಡಿರಿ?" ಪ್ರಶ್ನೆ ತಮಾಷೆಯದಾದರೂ ಉತ್ತರ ಅಷ್ಟು ಸುಲಭದ್ದಲ್ಲ.

ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದ ಅಂಚಿಗಿರುವ ಕೌಲಿಯ ಕಾರ್ಖಾನೆಯಿಂದ 1956ರಲ್ಲಿ 'ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿ' ಎಂಬ ಕಾರು ಹೊರಬಂತು. ಬಿರ್ಲಾ ಮನೆತನದ ಹಿಂದುಸ್ತಾನ್ ಮೋಟಾರ್ಸ್ ಕಂಪನಿ 1942ರಲ್ಲಿ ಗುಜರಾತಿನ ಓಖಾ ಬಂದರಿನಲ್ಲಿ ಹುಟ್ಟಿ, 1948ರಲ್ಲಿ ಬಂಗಾಳದ ಹೂಗ್ಲಿ ದಂಡೆಯ ಉತ್ತರಪಾರಾಕ್ಕೆ ಸ್ಥಳಾಂತರಗೊಂಡಿತ್ತು. ಮಾರಿಸ್ ಕಾರುಗಳನ್ನೇ ಹೆಸರು ಬದಲಿಸಿ ಇಲ್ಲಿ ತಯಾರಿಸುವುದು ಅದರ ಪದ್ಧತಿ. ಹಿಂದುಸ್ತಾನ್ ಟೆನ್, ಹಿಂದುಸ್ತಾನ್ ಫೋರ್ಟೀನ್, ಲ್ಯಾಂಡ್‌ಮಾಸ್ಟರ್ ಆದ ಬಳಿಕ 1957ರಲ್ಲಿ ಈ ಮೂರನೆಯ ಸರಣಿ ಅಂಬಾಸಿಡರ್ ಆಯಿತು. ಶುರುವಿಗೆ ಲ್ಯಾಂಡ್‌ಮಾಸ್ಟರಿನ ಹಳೆಯ ಸೈಡ್ ವಾಲ್ವ್ ಎಂಜಿನ್ನೇ ಇತ್ತು. 1959ರಲ್ಲಿ 1,489 ಸಿಸಿಯ, 55 ಅಶ್ವಶಕ್ತಿಯ ಓವರ್‌ಹೆಡ್ ವಾಲ್ವ್ ಎಂಜಿನ್ ಬಂತು. ವಿಚಿತ್ರವೆಂದರೆ ಇಂಗ್ಲೆಂಡಿನಲ್ಲಿ ಮೂಲ ಕಾರು ನಿಂತುಹೋದದ್ದೂ ಅದೇ 1959ರಲ್ಲಿ. ಅಲ್ಲಿ ಮೂರು ವರ್ಷ ಬಾಳಿದ ಕಾರು ಇಲ್ಲಿ 2014ರ ಮೇ ತಿಂಗಳವರೆಗೆ, ಐವತ್ತೇಳು ವರ್ಷ ಬಾಳಿತು.

ಇಷ್ಟು ದೀರ್ಘಾಯುಷ್ಯಕ್ಕೆ ಕಾರಿನ ಗಟ್ಟಿತನವೊಂದೇ ಕಾರಣವೆಂದು ಅಭಿಮಾನಿಗಳು ಹೇಳುವುದುಂಟು. ನಾನೂ ಅಭಿಮಾನಿಯೇ, ಆದರೂ ಒಪ್ಪಲಾರೆ. ಕಾರಿನ ಮೈಯನ್ನು ಒತ್ತಿ ತೆಗೆಯುವ ಅಚ್ಚುಗಳು ಬಹಳ ದುಬಾರಿ. ಹೊಸ ಅಚ್ಚು ತರಿಸಬೇಕಾದರೆ ವಿದೇಶಿ ವಿನಿಮಯ ಬೇಕು, ಸರ್ಕಾರದ ಪರವಾನಗಿ ಬೇಕು. ಇತ್ತ ಗಿರಾಕಿಗೆ ಇದ್ದ ಆಯ್ಕೆಯಾದರೂ ಎಷ್ಟು? ಮುಂಬಯಿಯ ಫಿಯೆಟ್, ಮದ್ರಾಸಿನ ಸ್ಟ್ಯಾಂಡರ್ಡ್, ಕಲ್ಕತ್ತೆಯ ಅಂಬಾಸಿಡರ್. ಹಣ ಕಟ್ಟಿ ವರ್ಷಗಟ್ಟಲೆ ಕಾಯುವ ಜನ ಸಾಲುಗಟ್ಟಿ ನಿಂತಿದ್ದಾಗ ಮೈ ಬದಲಿಸುವ ಉಸಾಬರಿ ಯಾರಿಗೆ ಬೇಕು? ಗ್ರಿಲ್ ಬದಲಿಸಿದರೆ ಖರ್ಚು ಕಡಿಮೆ, ಹೆಸರಿನ ಮುಂದಿನ ಅಂಕಿ ಮಾತ್ರ ಒಂದು ಹೆಚ್ಚು. ಹೀಗೆ 1963ರಲ್ಲಿ ಮಾರ್ಕ್ ಎರಡು, 1975ರಲ್ಲಿ ಮೂರು, 1979ರಲ್ಲಿ ನಾಲ್ಕು, 1990ರಲ್ಲಿ ನೋವಾ. ಮುಂದಿನ ಹಿಂದಿನ ಗಾಲಿಗಳ ನಡುವಿನ ಅಂತರ 1957ರಿಂದ ಕೊನೆಯವರೆಗೂ ಅದೇ 97 ಅಂಗುಲ. "ಐವತ್ತು ವರ್ಷ ಪರೀಕ್ಷೆ ಬರೆದು ನಾಲ್ಕು ಮಾರ್ಕು ತೆಗೆದ ಕಾರು ಇದು" ಎಂದು ನಮ್ಮ ಮೇಷ್ಟ್ರೊಬ್ಬರು ನಗುತ್ತಿದ್ದರು.

ಹಾಗಾದರೆ ಓಡಿಸುವವನಿಗೆ ವ್ಯತ್ಯಾಸವೇ ಇರಲಿಲ್ಲವೇ? ಇತ್ತು. ಅದು ಮುಖದಲ್ಲಿರದೆ ಒಳಗಿತ್ತು, ಅಷ್ಟೆ.

ಮಾರ್ಕ್ ಎರಡನ್ನು ಓಡಿಸುವುದು ಒಂದು ವಿದ್ಯೆ. ಅದರ ಮೊದಲನೆಯ ಗೇರಿಗೆ ಸಿಂಕ್ರೋಮೆಶ್ ಇಲ್ಲ. ಅಂದರೆ ಕಾರು ಚಲಿಸುತ್ತಿರುವಾಗ ಹಲ್ಲಿಗೆ ಹಲ್ಲು ತಾನಾಗಿ ಹೊಂದಿಕೊಳ್ಳುವುದಿಲ್ಲ. ಆಗುಂಬೆಯ ತಿರುವಿನಲ್ಲಿ ಎರಡನೆಯ ಗೇರು ಸೋತರೆ ಒಂದೋ ನಿಲ್ಲಿಸಿ ಮೊದಲನೆಯದಕ್ಕೆ ಹಾಕಬೇಕು, ಇಲ್ಲವೇ ಕ್ಲಚ್ ಎರಡು ಸಲ ಒತ್ತಿ, ನಡುವೆ ಆಕ್ಸಿಲರೇಟರ್ ತುಳಿದು, ಎಂಜಿನ್ನಿನ ವೇಗವನ್ನು ಕಿವಿಯಿಂದಲೇ ಅಳೆದು ಸೇರಿಸಬೇಕು. ತಪ್ಪಿದರೆ ಬರುವ ಕರಕರ ಸದ್ದಿಗೆ ತಂದೆಯವರು ನನ್ನತ್ತ ತಿರುಗಿ ನೋಡುತ್ತಿದ್ದ ನೋಟ ಈಗಲೂ ನೆನಪಿದೆ. ದೀಪ ಡಿಮ್ ಮಾಡುವ ಗುಂಡಿ ಎಡಗಾಲಿನ ಹತ್ತಿರ ನೆಲದಲ್ಲಿ. ಬ್ಯಾಟರಿ ಸೋತ ದಿನ ಮುಂದಿನಿಂದ ಹ್ಯಾಂಡಲ್ ತೂರಿಸಿ ತಿರುಗಿಸಬೇಕು. ಹೆಬ್ಬೆರಳನ್ನು ಬೇರೆ ಬೆರಳುಗಳ ಜೊತೆಗೇ ಇಟ್ಟುಕೊಳ್ಳದಿದ್ದರೆ ಹ್ಯಾಂಡಲ್ ಹಿಂದೆ ಹೊಡೆದು ಮುರಿಯುವುದು ಖಂಡಿತ. ಬೇಸಿಗೆಯ ಘಾಟಿಯಲ್ಲಿ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುವುದು, ತಿಂಗಳಿಗೊಮ್ಮೆ ನಿಪ್ಪಲ್‌ಗಳಿಗೆ ಗ್ರೀಸ್ ಹೊಡೆಸುವುದು, ಪಾಯಿಂಟ್ ಉಜ್ಜುವುದು ಎಲ್ಲವೂ ಯಜಮಾನನ ಕೆಲಸವೇ. ಕಾರಿನ ಮಾಲೀಕ ಅರ್ಧ ಮೇಸ್ತ್ರಿ ಆಗದೆ ವಿಧಿಯಿರಲಿಲ್ಲ. ಆದರೆ ಸ್ಟಿಯರಿಂಗ್? ಒಮ್ಮೆ ವೇಗ ಹಿಡಿದ ಮೇಲೆ ಅದರ ರ‍್ಯಾಕ್ ಅಂಡ್ ಪಿನಿಯನ್ ಸ್ಟಿಯರಿಂಗು ರಸ್ತೆಯ ಪ್ರತಿ ಕಲ್ಲನ್ನೂ ಅಂಗೈಗೆ ವರದಿ ಮಾಡುತ್ತದೆ. ಮುಂದೆ ಟಾರ್ಷನ್ ಬಾರ್, ಹಿಂದೆ ಪ್ಲೇಟ್ ಸ್ಪ್ರಿಂಗ್. ಮಲೆನಾಡಿನ ಗುಂಡಿಬಿದ್ದ ದಾರಿಗೆ ಇದಕ್ಕಿಂತ ಒಳ್ಳೆಯ ಜೋಡಿ ನಾನು ಕಂಡಿಲ್ಲ.

ಮಾರ್ಕ್ ನಾಲ್ಕರ ಡೀಸೆಲ್ ಇದರ ಎದುರು ಮಹಾ ಸೋಮಾರಿ. ಅಳತೆಯಲ್ಲಿ ಅದೂ 1,489 ಸಿಸಿಯೇ, ಶಕ್ತಿ ಮಾತ್ರ 37. 1980ರಲ್ಲಿ ಬಂದಾಗ ಅದು ಭಾರತದ ಮೊದಲ ಡೀಸೆಲ್ ಕಾರು. ಬೆಳಿಗ್ಗೆ ಹೀಟರ್ ಹಾಕಿ, ಕಾದು, ಸ್ಟಾರ್ಟ್ ಮಾಡಿದರೆ ಪಕ್ಕದ ಮನೆಯವರೂ ಏಳುತ್ತಿದ್ದರು. ಒಳಗೆ ಮಾತನಾಡಬೇಕಾದರೆ ಕೂಗಬೇಕು. ಕಾರಾಗಿ ನೋಡಿದರೆ ಮೂರರಲ್ಲಿ ಇದಕ್ಕೇ ಕೊನೆಯ ಸ್ಥಾನ. ಆದರೂ ನಾಡಿನ ಮಟ್ಟಿಗೆ ಹೆಚ್ಚು ಕೆಲಸ ಮಾಡಿದ್ದು ಇದೇ. ಪೆಟ್ರೋಲಿಗಿಂತ ಡೀಸೆಲ್ ಬಹಳ ಅಗ್ಗವಾಗಿದ್ದ ಆ ದಿನಗಳಲ್ಲಿ ಬಾಡಿಗೆ ಓಡಿಸುವವನ ಲೆಕ್ಕ ಸರಿಹೋದದ್ದು ಇದರಿಂದ. ದಕ್ಷಿಣ ಕನ್ನಡದ ಸರ್ವಿಸ್ ಕಾರುಗಳನ್ನು ಕಂಡವರಿಗೆ ವಿವರಿಸಬೇಕಿಲ್ಲ. ಬಸ್ಸು ಇಲ್ಲದ ಒಳದಾರಿಗೆ ತಲೆಗಿಷ್ಟು ಎಂದು ಪಡೆದು ಹತ್ತು ಹನ್ನೆರಡು ಜನರನ್ನು ತುಂಬಿಕೊಂಡು, ಚಾಲಕನ ಒಂದು ಭುಜ ಕಿಟಕಿಯ ಹೊರಗಿದ್ದು ಹೋಗುತ್ತಿದ್ದವಲ್ಲ, ಅವು.

ಅಷ್ಟು ಜನ ಹಿಡಿದದ್ದು ಹೇಗೆ ಎಂಬುದರಲ್ಲೇ ಈ ಕಾರಿನ ತಲೆಮಾರುಗಳ ಗುಟ್ಟಿದೆ. ಹಳೆಯ ಅಂಬಾಸಿಡರ್‌ಗಳಲ್ಲಿ ಗೇರು ಸ್ಟಿಯರಿಂಗಿನ ಕೆಳಗೆ. ನೆಲದಲ್ಲಿ ಅಡ್ಡಿಯಿಲ್ಲದ್ದರಿಂದ ಮುಂದಿನ ಸೀಟು ಬಾಗಿಲಿನಿಂದ ಬಾಗಿಲಿಗೆ ಒಂದೇ ಬೆಂಚು. ನಮ್ಮ ಮನೆಯಲ್ಲೂ ತಂದೆ, ಅವರ ಪಕ್ಕ ನಾನು, ನನ್ನ ಪಕ್ಕ ಅಜ್ಜ, ಅಜ್ಜನ ತೊಡೆಯ ಮೇಲೆ ತಂಗಿ. ಸ್ಪೀಡೋಮೀಟರ್ ಇದ್ದದ್ದೂ ಡ್ಯಾಶ್‌ಬೋರ್ಡಿನ ನಟ್ಟನಡುವೆ. ಹಿಂದಿನ ಸೀಟಿನಲ್ಲಿ ಕುಳಿತ ಅಮ್ಮನಿಗೂ ಅದು ಕಾಣುತ್ತಿತ್ತು. "ನೋಡಿ, ಎಪ್ಪತ್ತು ದಾಟಿತು" ಎಂದು ಅವರು ಹೇಳಿದರೆ ತಂದೆಯವರು ಮಾತಿಲ್ಲದೆ ಕಾಲು ಸಡಿಲಿಸುತ್ತಿದ್ದರು. ವೇಗ ಇಡೀ ಸಂಸಾರದ ವಿಷಯವಾಗಿತ್ತು.

1983ರ ಡಿಸೆಂಬರಿನಲ್ಲಿ ಮಾರುತಿ ಬಂತು. ಕಾರು ಹಗುರಾಗಿರಬಹುದು, ಕೀಲಿ ತಿರುಗಿಸಿದರೆ ಸಾಕಾಗಬಹುದು ಎಂದು ಜನಕ್ಕೆ ಗೊತ್ತಾಯಿತು. ಅಂಬಾಸಿಡರ್ ಇದಕ್ಕೆ ಉತ್ತರ ಕೊಡಲು ಹತ್ತು ವರ್ಷ ತೆಗೆದುಕೊಂಡಿತು. ಆ ಉತ್ತರವೇ ಜಪಾನಿನ ಇಸುಜು ಕಂಪನಿಯ 1,817 ಸಿಸಿ, 75 ಅಶ್ವಶಕ್ತಿಯ ಎಂಜಿನ್ ಹೊತ್ತ 1800 ಐಎಸ್‌ಝಡ್. ಮುಖ ಹೆಚ್ಚೇನೂ ಬದಲಾಗದಿದ್ದರೂ ನಿಜವಾದ ತಲೆಮಾರಿನ ಬದಲಾವಣೆ ಆದದ್ದು ಇಲ್ಲಿ. ಐದು ಗೇರುಗಳು, ಗೇರಿನ ಕೋಲು ನೆಲದಲ್ಲಿ. ಬೇಕಾದವರಿಗೆ ಮುಂದೆ ಬೇರೆ ಬೇರೆ ಬಕೆಟ್ ಸೀಟುಗಳು, ಸೀಟ್ ಬೆಲ್ಟುಗಳು. ಮೀಟರುಗಳು ಮಧ್ಯದಿಂದ ಸರಿದು ಸ್ಟಿಯರಿಂಗಿನ ಹಿಂದೆ ಹೋದವು. ಬೆಳಗಿನ ಚಳಿಯಲ್ಲೂ ಮೊದಲ ಸಲಕ್ಕೇ ಹಿಡಿಯುವ, ಘಾಟಿಯನ್ನು ಮೂರನೆಯ ಗೇರಿನಲ್ಲಿ ಹತ್ತುವ ಈ ಎಂಜಿನ್ ಮೂರರಲ್ಲಿ ನಿಸ್ಸಂದೇಹವಾಗಿ ಶ್ರೇಷ್ಠ. ನನ್ನ ತಕರಾರು ಬೇರೆ. ಎಂಜಿನ್ ತೊಂಬತ್ತರ ದಶಕದ್ದು, ಅದನ್ನು ಹೊತ್ತ ಹಿಂದಿನ ಪ್ಲೇಟ್ ಸ್ಪ್ರಿಂಗಿನ ಲೆಕ್ಕಾಚಾರ ಐವತ್ತರ ದಶಕದ್ದು. ನೂರರ ವೇಗದಲ್ಲಿ ತಿರುವು ಬಂದಾಗ ಇವೆರಡರ ಮನಸ್ತಾಪ ಚಾಲಕನಿಗೆ ತಿಳಿಯುತ್ತದೆ. ಮುಂದೆ ಮೂವರು ಕೂರುವ ಹಾಗಿಲ್ಲ. ಅಮ್ಮನಿಗೆ ಮೀಟರು ಕಾಣಿಸದು. "ಈಗ ಎಷ್ಟರಲ್ಲಿದ್ದೀಯೋ?" ಎಂದು ಕೇಳುತ್ತಿದ್ದರು, ನಾನು ಹತ್ತು ಕಡಿಮೆ ಮಾಡಿ ಹೇಳುತ್ತಿದ್ದೆ.

ಆ ಕಾರನ್ನು 2011ರಲ್ಲಿ ಮಾರಿದೆವು. ಡೀಸೆಲ್ ಮಾರ್ಕ್ ನಾಲ್ಕು ಅದಕ್ಕೂ ಮೊದಲೇ ಗುಜರಿ ಸೇರಿತ್ತು, ತನ್ನ ಬಂಪರನ್ನು ಹಳೆಯದಕ್ಕೆ ಬಿಟ್ಟು. ಉಳಿದದ್ದು ಮಾರ್ಕ್ ಎರಡು ಮಾತ್ರ.

ಅದಕ್ಕೆ ಡೀಸೆಲ್ ಎಂಜಿನ್ ಹಾಕಿಸಿದ್ದು 1984ರಲ್ಲಿ. ಪೆಟ್ರೋಲ್ ಖರ್ಚು ತಾಳದೆ ತಂದೆಯವರು ಮಾಡಿದ ತೀರ್ಮಾನ ಅದು. ಅಂದು ನೂರಾರು ಮಂದಿ ಹೀಗೆಯೇ ಮಾಡಿದರು. ಮೈ ಬದಲಾಗದ ಕಾರಿನ ದೊಡ್ಡ ಅನುಕೂಲವೇ ಇದು: ಯಾವ ವರ್ಷದ ಬಾಗಿಲು, ಯಾವ ವರ್ಷದ ಬಾನೆಟ್, ಯಾವ ವರ್ಷದ ಎಂಜಿನ್ ಆದರೂ ಅಲ್ಪಸ್ವಲ್ಪ ಟಿಂಕರಿಂಗ್ ಮಾಡಿದರೆ ಕೂರುತ್ತದೆ. ಕಾರ್ಖಾನೆ ಕೊಟ್ಟ ತಲೆಮಾರುಗಳನ್ನು ಗ್ಯಾರೇಜುಗಳು ಕಲಸಿಬಿಟ್ಟವು. ಆರ್‌ಟಿಓ ಕಚೇರಿಯಲ್ಲಿ ಹೊಸ ಎಂಜಿನ್ ನಂಬರ್ ಬರೆಸಿದರೆ ಮುಗಿಯಿತು.

ಈಗ ಮುಗಿದಿಲ್ಲ ಎಂದು ಗೊತ್ತಾಗಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹಳೆಯ ಪರಂಪರೆಯ ವಾಹನಗಳಿಗೆಂದು, ಅಂದರೆ ವಿಂಟೇಜ್ ವಾಹನಗಳಿಗೆಂದು, ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿರಬೇಕು. ವಾಹನ ಮೂಲ ರೂಪದಲ್ಲೇ ಇರಬೇಕು. ಚಾಸಿ, ಮೈ, ಎಂಜಿನ್ ಯಾವುದೂ ಮಾರ್ಪಾಡಾಗಿರಬಾರದು. ಹಾಗಿದ್ದರೆ ಹಳೆಯ ನಂಬರನ್ನೇ ಉಳಿಸಿಕೊಂಡು ಪರಂಪರೆಯ ಪಟ್ಟಿಗೆ ಸೇರಬಹುದು. ಆದರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ ಇಂಥವಕ್ಕೆ ಮಾತ್ರ. ಆ ಪಟ್ಟಿಗೆ ಸೇರದಿದ್ದರೆ ಐದು ವರ್ಷಕ್ಕೊಮ್ಮೆ ಎಲ್ಲ ಹಳೆಯ ಕಾರುಗಳಂತೆ ನವೀಕರಣ. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು, ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000 ಆಯಿತು. ಜೊತೆಗೆ ಎಫ್‌ಸಿಯ ಪರೀಕ್ಷೆ, ಡೀಸೆಲ್ ಎಂಜಿನ್ನಿನ ಹೊಗೆಯ ಪರೀಕ್ಷೆ ಬೇರೆ.

ಮಗಳ ವಾದ ಸರಳ: "ಅಪ್ಪಾ, ಪೆಟ್ರೋಲ್ ಎಂಜಿನ್ ಹಾಕಿಸಿ ಮೊದಲಿದ್ದ ಹಾಗೆ ಮಾಡಿಬಿಡೋಣ, ಉಳಿಯುತ್ತೆ." ನನಗೆ ಅಷ್ಟು ಸುಲಭವಾಗಿ ಒಪ್ಪಲಾಗುತ್ತಿಲ್ಲ. ಈ ಕಾರು ಮೂಲ ರೂಪದಲ್ಲಿದ್ದದ್ದು ಹದಿನಾರು ವರ್ಷ, ಅದರಲ್ಲೂ ನಮ್ಮ ಮನೆಯಲ್ಲಿ ಹತ್ತೇ ವರ್ಷ. ಡೀಸೆಲ್ ಕಾರಾಗಿ ನಲವತ್ತು ವರ್ಷಕ್ಕೂ ಮಿಕ್ಕಿ ಇದೆ. ಅಜ್ಜನನ್ನು ಮಣಿಪಾಲದ ಆಸ್ಪತ್ರೆಗೆ ಕರೆದೊಯ್ದದ್ದು, ತಂಗಿಯ ಮದುವೆಯ ದಿಬ್ಬಣ ಹೋದದ್ದು, ಮಗಳು ಗೇರು ಹಾಕಲು ಕಲಿತದ್ದು ಎಲ್ಲ ಈ ಗಡಗಡ ಸದ್ದಿನಲ್ಲೇ. ಕಾನೂನಿನ ದೃಷ್ಟಿಯಲ್ಲಿ ಅದೆಲ್ಲ ಮಾರ್ಪಾಡು. ಹಾಗೆಂದು ಕಾನೂನು ತಪ್ಪೆನ್ನಲೂ ಆಗದು. ಎಲ್ಲ ಕಲಬೆರಕೆಗಳನ್ನೂ ಪರಂಪರೆ ಎಂದರೆ ಕೌಲಿಯಿಂದ ಉತ್ತರಪಾರಾಕ್ಕೆ ಬಂದ ಕಾರು ನಿಜಕ್ಕೂ ಹೇಗಿತ್ತು ಎಂದು ಮುಂದಿನವರಿಗೆ ತೋರಿಸಲು ಒಂದೂ ಉಳಿಯುವುದಿಲ್ಲ.

ಕಳೆದ ವಾರ ಗ್ಯಾರೇಜಿಗೆ ಹೋಗಿದ್ದೆ. 1984ರಲ್ಲಿ ಎಂಜಿನ್ ಇಳಿಸಿದ ಮೇಸ್ತ್ರಿ ಈಗಿಲ್ಲ, ಅವರ ಮಗ ಇದ್ದಾರೆ. ಹಿಂಬದಿಯ ಶೆಡ್ಡಿನಲ್ಲಿ, ಹಳೆಯ ಟಯರುಗಳ ಕೆಳಗೆ, ಗೋಣಿಚೀಲ ಸುತ್ತಿದ ಒಂದು ಎಂಜಿನ್ ತೋರಿಸಿದರು. "ನಮ್ಮಪ್ಪ ಇದನ್ನ ಮಾರಬೇಡ ಅಂದಿದ್ರು ಸಾರ್, ಯಾಕೆ ಅಂತ ಹೇಳಿರಲಿಲ್ಲ" ಎಂದರು. ಸೀಮೆಎಣ್ಣೆ ಹಾಕಿ ಉಜ್ಜಿದಾಗ ನಂಬರ್ ಕಾಣಿಸಿತು. ಚೀಟಿಯಲ್ಲಿ ಬರೆದುಕೊಂಡು ಮನೆಗೆ ಬಂದು ಆರ್‌ಸಿ ಪುಸ್ತಕ ತೆಗೆದು ನೋಡಿದೆ. ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ ಹಳೆಯ ನಂಬರಿಗೆ ಅದು ತಾಳೆಯಾಗುತ್ತದೆ. ಪಿಸ್ಟನ್‌ಗಳು ಹಿಡಿದುಕೊಂಡಿವೆಯೋ ಇಲ್ಲವೋ ಬಿಚ್ಚದೆ ಹೇಳಲಾಗದು, ಮಳೆಗಾಲ ಕಳೆಯಲಿ ನೋಡೋಣ ಎಂದಿದ್ದಾರೆ.